ಐದು ಸಲ ಸರಿ ಬಂದರೆ ಸಾಕಾಗಲ್ಲ

ಪ್ರಶ್ನೆ: 3, 5, 17, 257, 65537 ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. ಹಾಗಾದರೆ ಇದೇ ಸಾಲಿನ ಮುಂದಿನ 4294967297 ಕೂಡ ಅವಿಭಾಜ್ಯವೇ ಅಲ್ವಾ ಸರ್?
– ಬಿ.ಎಸ್ಸಿ. ವಿದ್ಯಾರ್ಥಿ, ತಿಪಟೂರು

ಉತ್ತರ: ಅಲ್ಲ. ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಎಲ್ಲರೂ "ಐದೂ ಸರಿ ಬಂತಲ್ಲ" ಅಂತಲೇ ಶುರು ಮಾಡುತ್ತಾರೆ. ಐದು ಕಾಯಿ ಒಡೆದು ನೋಡಿ ಇಡೀ ಲೋಡಿಗೆ ದುಡ್ಡು ಕೊಡ್ತೀರಾ? ತಿಪಟೂರಿನವರಿಗೆ ಇದನ್ನು ನಾನು ಹೇಳಬೇಕಾ?

2ನ್ನು 1, 2, 4, 8, 16ನೇ ಘಾತಕ್ಕೆ ಏರಿಸಿ, ಪ್ರತಿಯೊಂದಕ್ಕೂ 1 ಕೂಡಿದರೆ ನಿಮ್ಮ ಐದು ಸಂಖ್ಯೆ ಬರುತ್ತವೆ. ಘಾತ 32 ಆದಾಗ ಬರುವುದು ಈ ಹತ್ತಂಕಿಯ ಸಂಖ್ಯೆ. 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ಕೂಡ ಎಲ್ಲವೂ ಅವಿಭಾಜ್ಯ ಅಂತಲೇ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದನ್ನು ಒಡೆದರು: 641 × 6700417.

ಸುಮ್ನೆ ಓದಿ ತಲೆಯಾಡಿಸಬೇಡಿ, ಪೆನ್ನು ಹಿಡಿದು ಭಾಗಿಸಿ. 4294ರಲ್ಲಿ 641 ಆರು ಸಲ, ಉಳಿದದ್ದು 448. ಮುಂದಿನ 9 ಇಳಿಸಿ: 4489. 641 ಏಳ್ಲೆ 4487, ಉಳಿದದ್ದು ಬರೀ 2. ಆಮೇಲೆ 6 ಇಳಿಸಿದರೆ 26, 7 ಇಳಿಸಿದರೆ 267. ಎರಡೂ ಸಾಲದು, ಭಾಗಲಬ್ಧದಲ್ಲಿ ಎರಡು ಸೊನ್ನೆ ಹಾಕಿ. ಇಲ್ಲಿ ಒಂದು ಸೊನ್ನೆ ಬಿಟ್ಟರೆ ಲೆಕ್ಕ ಕೆಟ್ಟಿತು. 2 ಇಳಿಸಿ: 2672, ನಾಲ್ಕು ಸಲ, ಉಳಿದದ್ದು 108. 9 ಇಳಿಸಿ: 1089, ಒಂದು ಸಲ, ಮತ್ತೆ 448. ಕೊನೆಯ 7 ಇಳಿಸಿದರೆ 4487. ಈಗಷ್ಟೇ ನೋಡಿದ ಸಂಖ್ಯೆ! ಏಳು ಸಲ, ಶೇಷ ಸೊನ್ನೆ. ಎಷ್ಟು ಸಲ ಮಾಡಿದರೂ ಆ ಸೊನ್ನೆ ಬಂದಾಗ ನನಗೆ ಖುಷಿಯಾಗುತ್ತದೆ.

641 ಸಿಕ್ಕಿದ್ದು ಹೇಗೆ? ನೀವು ಕೇಳಬೇಕಾಗಿದ್ದದ್ದು ಇದನ್ನು. ದಾರಿ ಗೊತ್ತಿಲ್ಲದೆ ಹೊರಟರೆ ಈ ಸಂಖ್ಯೆಯ ವರ್ಗಮೂಲದವರೆಗೆ, ಅಂದರೆ 65536ರ ಒಳಗೆ, 6542 ಅವಿಭಾಜ್ಯಗಳಿವೆ, ಒಂದೊಂದಾಗಿ ನೋಡುತ್ತಾ ಹೋಗಬೇಕು. ಆಯ್ಲರ್ ಸಾಧಿಸಿದ ನಿಯಮ ಹೀಗಿದೆ: ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಅಂಥವು 193, 257, 449, 577, 641. ಐದನೆಯದಕ್ಕೇ ಕೆಲಸ ಮುಗಿಯಿತು. ಆರು ಸಾವಿರದ ಕೆಲಸ ಐದಕ್ಕೆ ಇಳಿಯಿತಲ್ಲ, ಗಣಿತ ಅಂದರೆ ನನಗೆ ಇದೇ.

ಈ ಸಾಲಿನಲ್ಲಿ ಆರನೇ ಅವಿಭಾಜ್ಯ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಹಾಗಂತ ಇಲ್ಲವೇ ಇಲ್ಲ ಅಂತ ಯಾರೂ ಸಾಧಿಸಿಯೂ ಇಲ್ಲ. ಪರೀಕ್ಷೆಯಲ್ಲಿ "ಐದೇ ಇವೆ" ಅಂತ ಬರೆಯಬೇಡಿ. "ಗೊತ್ತಿರುವುದು ಐದು" ಅಂತ ಬರೆಯಿರಿ.

ಪ್ರಶ್ನೆ: 1 ಅವಿಭಾಜ್ಯವೇ?
– ಶಿರಾ

ಉತ್ತರ: ಅಲ್ಲ. ಇದನ್ನು ಇನ್ನು ಕಳಿಸಬೇಡಿ.

ಪ್ರಶ್ನೆ: ಮೊಬೈಲ್ ನಂಬರಿನ ಅಂಕಿಗಳನ್ನು ಕೂಡಿದಾಗ 5 ಬಂದರೆ ವ್ಯಾಪಾರ ಕೈ ಹತ್ತುತ್ತದಂತೆ. ನಂಬರ್ ಬದಲಿಸಲಾ?
– ಅಂಗಡಿ ಮಾಲೀಕರು, ಚಿಂತಾಮಣಿ

ಉತ್ತರ: ಬೇಡ. ಅಂಕಿಗಳನ್ನು ಕೂಡುತ್ತಾ ಹೋದರೆ ಗೊತ್ತಾಗುವುದು 9ರಿಂದ ಭಾಗಿಸಿದಾಗ ಎಷ್ಟು ಉಳಿಯುತ್ತದೆ ಅನ್ನುವುದು ಮಾತ್ರ. ಮೇಲಿನ 4294967297ಕ್ಕೂ ಮೊದಲು 59, ಆಮೇಲೆ 14, ಕೊನೆಗೆ 5 ಬರುತ್ತದೆ. ಇಷ್ಟಕ್ಕೆ ದುಡ್ಡು ಕೀಳುವವರು ಮೋಸಗಾರರು. ಗಿರಾಕಿಗಳ ಹತ್ತಿರ ಇರುವುದು ನಿಮ್ಮ ಹಳೇ ನಂಬರ್, ಅದನ್ನು ಉಳಿಸಿಕೊಳ್ಳಿ.

ಪ್ರಶ್ನೆ: ನಮ್ಮ ಪಿನ್‌ಕೋಡ್ 563101 ಅವಿಭಾಜ್ಯವೇ?
– ಹೈಸ್ಕೂಲ್ ವಿದ್ಯಾರ್ಥಿನಿ, ಕೋಲಾರ

ಉತ್ತರ: ಅಲ್ಲಮ್ಮ. 7 × 11 × 71 × 103. ಗುಣಿಸಿ ನೋಡು.