ಇಂಜೆಕ್ಷನ್ ಕೊಡಿಸಿದರೂ ಅಪ್ಪನ ದೃಷ್ಟಿ ಮರಳಿಲ್ಲ, ನಿಲ್ಲಿಸಿಬಿಡಬಹುದೇ?

ನಿಮ್ಮ ತಂದೆಯವರಿಗೆ 72 ವರ್ಷ, ಬಲಗಣ್ಣಿಗೆ ವೆಟ್ ಎಎಂಡಿ (ವಯಸ್ಸಾದವರಲ್ಲಿ ರಕ್ತನಾಳ ಸೋರಿ ನಡುವಿನ ನೋಟ ಕೆಡಿಸುವ ಕಣ್ಣಿನ ರೋಗ), ಕಣ್ಣಿಗೆ ಮೂರು ಇಂಜೆಕ್ಷನ್ ಆದರೂ ಪತ್ರಿಕೆ ಓದಲಾಗುತ್ತಿಲ್ಲ, ನಾಲ್ಕನೆಯದಕ್ಕೆ ಮತ್ತೆ ಹಣ ಸುರಿಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ನಾನು ವೈದ್ಯೆಯಲ್ಲ, ಇದೇ ತಪ್ಪು ಮಾಡಿ ಇಂದಿಗೂ ಸಂಕಟಪಡುತ್ತಿರುವ ಮಗಳು.

ನನ್ನ ಅಮ್ಮನಿಗೆ ಮೊದಲು ಡೊಂಕಾಗಿ ಕಂಡದ್ದು ಅಡುಗೆಮನೆಯ ಕಿಟಕಿಯ ಸರಳು. ರಂಗೋಲಿಯ ಚುಕ್ಕಿಗಳು ಸಾಲು ತಪ್ಪುತ್ತಿವೆ ಎಂದು ತಮ್ಮ ಕೈಯನ್ನೇ ಬೈದುಕೊಳ್ಳುತ್ತಿದ್ದರು. ಪೊರೆ ಬಂದಿರಬೇಕು ಎಂದುಕೊಂಡು ನಾವು ಎರಡು ತಿಂಗಳು ಕಳೆದೆವು. ಆಮೇಲೆ ಮೂರು ಇಂಜೆಕ್ಷನ್ ಕೊಡಿಸಿ, ಏನೂ ಸುಧಾರಿಸಲಿಲ್ಲವೆಂದು ಬಿಟ್ಟೆವು. ನಾಲ್ಕು ತಿಂಗಳಾಗುವಷ್ಟರಲ್ಲಿ ಕಣ್ಣೊಳಗೆ ರಕ್ತ ಸೋರಿ, ಆ ಕಣ್ಣಿನ ನಡುವಿನ ನೋಟವೇ ಹೋಯಿತು.

ಆಗ ನಮಗೆ ಯಾರಾದರೂ ಇಷ್ಟು ಬಿಡಿಸಿ ಹೇಳಿದ್ದರೆ ಸಾಕಿತ್ತು: ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದ ನಟ್ಟನಡುವಿನ ಭಾಗ ಮ್ಯಾಕ್ಯುಲಾ. ಓದಲು, ಮುಖ ಗುರುತಿಸಲು ಬೇಕಾದದ್ದು ಅದೇ. ಈ ರೋಗದಲ್ಲಿ ವಿಇಜಿಎಫ್ ಎಂಬ ಪ್ರೋಟೀನು ಅದರಡಿಯಲ್ಲಿ ದುರ್ಬಲ ರಕ್ತನಾಳಗಳನ್ನು ಬೆಳೆಸುತ್ತದೆ, ಅವು ಸೋರುತ್ತವೆ. ಇಂಜೆಕ್ಷನ್ ಆ ಪ್ರೋಟೀನನ್ನು ತಡೆಯುತ್ತದೆ, ಆದರೆ ಕೆಲವು ವಾರಗಳ ಮಟ್ಟಿಗೆ ಮಾತ್ರ. ಸತ್ತ ಜೀವಕೋಶಗಳನ್ನು ಅದು ಬದುಕಿಸಲಾರದು, ಉಳಿದವನ್ನು ಕಾಯುತ್ತದೆ. ಆದ್ದರಿಂದ ಪತ್ರಿಕೆಯ ಅಕ್ಷರದಿಂದ ಅದರ ಫಲ ಅಳೆಯಬೇಡಿ. ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನಿನಲ್ಲಿ, ಸೋರಿ ನಿಂತ ದ್ರವ ಇಳಿದಿದೆಯೇ ಎಂದು ಕೇಳಿ. ಇಳಿದಿದ್ದರೆ ಮದ್ದು ತನ್ನ ಕೆಲಸ ಮಾಡಿದೆ, ಮುಂದೆ ವೈದ್ಯರು ಅಂತರವನ್ನು ಎಂಟು, ಹನ್ನೆರಡು ವಾರಗಳಿಗೆ ಹಿಗ್ಗಿಸಲೂಬಹುದು.

ಖರ್ಚಿನ ಮಾತನ್ನು ಸಂಕೋಚವಿಲ್ಲದೆ ಎತ್ತಿ. ಈ ಇಂಜೆಕ್ಷನ್ನಿಗೆ ಬಳಸುವ ಮದ್ದುಗಳಲ್ಲಿ ಅಗ್ಗದ ಬೆವಾಸಿಜುಮ್ಯಾಬ್ ಮೂಲತಃ ಕ್ಯಾನ್ಸರಿನ ಔಷಧ. ದುಬಾರಿಯಾದ ರಾನಿಬಿಜುಮ್ಯಾಬ್‌ನಷ್ಟೇ ಇದೂ ದೃಷ್ಟಿ ಉಳಿಸುತ್ತದೆ ಎಂದು ಅಮೆರಿಕದ ಅಧ್ಯಯನವೊಂದು 2011ರಲ್ಲಿ ತೋರಿಸಿತು. ರಾನಿಬಿಜುಮ್ಯಾಬ್‌ಗೂ ನಮ್ಮ ದೇಶದಲ್ಲೇ ತಯಾರಾಗುವ ಅಗ್ಗದ ರೂಪವಿದೆ. ಯಾವುದು ಸರಿಹೊಂದುತ್ತದೆ ಎಂಬುದನ್ನು ರೆಟಿನಾ ತಜ್ಞರೇ ಹೇಳಬೇಕು. ಇಂಜೆಕ್ಷನ್ ಆದ ದಿನಗಳಲ್ಲಿ ನೋವು, ಕೆಂಪು, ಮಬ್ಬು ಹೆಚ್ಚುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಿ. ಸೋಂಕು ಅಪರೂಪ, ಆದರೆ ತಗುಲಿದರೆ ಕಣ್ಣನ್ನೇ ತೆಗೆದುಕೊಂಡು ಹೋಗಬಲ್ಲದು.

ನೀವು ಎಡಗಣ್ಣಿನ ಬಗ್ಗೆ ಏನೂ ಬರೆದಿಲ್ಲ. ನನಗೆ ಹೆಚ್ಚು ಚಿಂತೆ ಅದರದ್ದೇ. ಎರಡೂ ಕಣ್ಣು ತೆರೆದಿದ್ದರೆ ಒಂದರ ದೋಷವನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಆ್ಯಮ್‌ಸ್ಲರ್ ಗ್ರಿಡ್ ಎಂಬ ಚೌಕುಳಿ ಹಾಳೆಯನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿ. ದಿನವೂ ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನು ನೋಡಲಿ. ಗೆರೆ ಬಳುಕಿದರೆ ಅದೇ ವಾರ ತೋರಿಸಿ. ಬೀಡಿ, ಸಿಗರೇಟು ಇದ್ದರೆ ಇಂದೇ ಬಿಡಿಸಿ. ಲೂಟೀನ್, ಸತು, ಸಿ ಮತ್ತು ಇ ಜೀವಸತ್ವಗಳಿರುವ ಏರೆಡ್ಸ್-2 ಮಾತ್ರೆ ಆ ಕಣ್ಣಿಗೆ ಬೇಕೇ ಎಂದೂ ವೈದ್ಯರನ್ನು ಕೇಳಿ.

ಅಮ್ಮನ ಎರಡನೆಯ ಕಣ್ಣಿನಲ್ಲಿ ಸೋರಿಕೆ ಶುರುವಾದದ್ದು ಆ ಹಾಳೆಯಿಂದಲೇ ತಿಳಿಯಿತು. ನಾಲ್ಕನೆಯ ದಿನವೇ ಚಿಕಿತ್ಸೆ ಆರಂಭವಾಯಿತು. ಈಗ ಎಂಟು ವಾರಕ್ಕೊಮ್ಮೆ ಹೋಗಿಬರುತ್ತೇವೆ. ಬಾಗಿಲ ಮುಂದೆ ಇವತ್ತಿಗೂ ರಂಗೋಲಿ ಅವರದ್ದೇ.