ಮನೆ ತುಂಬ ಮಕ್ಕಳು, ತಿಂಗಳ ಕೊನೆಗೆ ಖಾಲಿ ಕೈ: ದುಡ್ಡು ಸೋರುವುದು ಎಲ್ಲಿ?

ಏಳು ಜನರ ಮನೆ, ಅದರಲ್ಲಿ ನಾಲ್ಕು ಚಿಕ್ಕ ಮಕ್ಕಳು, ಒಬ್ಬರದೇ ಸಂಬಳ. ಎಲ್ಲರೂ ಹೇಳಿದ ಹಾಗೆ ದೊಡ್ಡ ದೊಡ್ಡ ಪ್ಯಾಕೆಟ್ಟುಗಳನ್ನೇ ತರುತ್ತೀರಿ, ಆದರೂ ಏನೂ ಉಳಿಯುತ್ತಿಲ್ಲ, ಯಾಕೆ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನಾನು ನಮ್ಮ ಅತ್ತೆಯವರಿಗೆ ಕೇಳಿದ್ದೆ. ಅವರು ಉತ್ತರ ಹೇಳಲಿಲ್ಲ. ಎದ್ದು ಹೋಗಿ ನಮ್ಮ ಐದು ಮಕ್ಕಳು ಬಿಟ್ಟು ಹೋಗಿದ್ದ ಐದು ಲೋಟಗಳನ್ನು ತಂದು ನನ್ನ ಮುಂದೆ ಸಾಲಾಗಿ ಇಟ್ಟರು. ಐದರಲ್ಲೂ ಅರ್ಧರ್ಧ ಹಾಲು.

ಸುಮ್ನೆ ಕುತೂಹಲಕ್ಕೆ ಅಂತ ಎಲ್ಲವನ್ನೂ ಒಂದು ಅಳತೆ ಪಾತ್ರೆಗೆ ಸುರಿದು ನೋಡಿದೆ. ಹತ್ತಿರ ಹತ್ತಿರ ಅರ್ಧ ಲೀಟರ್. ದಿನಾ ಹೀಗೇ ಆದರೆ ತಿಂಗಳಿಗೆ 15 ಲೀಟರ್ ಹಾಲು ಸಿಂಕಿಗೆ. ನಾನಾದರೋ ಯಾವ ಅಂಗಡಿಯಲ್ಲಿ ಏನು ಅಗ್ಗ ಅಂತ ತಲೆ ಕೆಡಿಸಿಕೊಂಡು ಕೂತಿದ್ದೆ!

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎಲ್ಲವೂ ಅರ್ಧಕ್ಕೇ ನಿಲ್ಲುತ್ತದೆ, ಗಮನಿಸಿ ನೋಡಿ. ಅರ್ಧ ಕಚ್ಚಿದ ಹಣ್ಣು, ಅರ್ಧ ಉಳಿದ ಊಟ, ಮುಚ್ಚಳ ಹಾಕದೆ ಒಣಗಿದ ಸ್ಕೆಚ್ ಪೆನ್, ನಾಲ್ಕೇ ಹಾಳೆ ಬರೆದ ನೋಟ್‌ಬುಕ್, ಒಂಟಿ ಸಾಕ್ಸ್. ಅದಕ್ಕೇ ನಾನು ಹೇಳೋದು, ಖರೀದಿಗೆ ಕತ್ತರಿ ಹಾಕುವ ಮೊದಲು ಈ ಅರ್ಧಗಳನ್ನು ಹಿಡಿಯಿರಿ. ಮಕ್ಕಳ ಬಾಯಿ ಕಟ್ಟುವ ಪ್ರಮೇಯವೇ ಬರುವುದಿಲ್ಲ.

ಹಾಲಿಗೆ ನಾನು ಮಾಡಿದ್ದು ಇಷ್ಟೇ: ದೊಡ್ಡ ಲೋಟಗಳನ್ನು ಎತ್ತಿಟ್ಟು ಪುಟ್ಟ ಲೋಟ ಇಟ್ಟೆ, ಅದಕ್ಕೂ ಮುಕ್ಕಾಲು ಮಾತ್ರ ಹಾಕಿದೆ. ಬೇಕಾದರೆ ಇನ್ನೊಂದು ಸಲ ಕೇಳಬಹುದು, ಎಷ್ಟು ಸಲ ಬೇಕಾದರೂ. ತಟ್ಟೆಗೂ ಅದೇ ನಿಯಮ. ನೀವು ಹೆಚ್ಚು ಬಡಿಸಿ ಆಮೇಲೆ "ಮುಗಿಸು, ಮುಗಿಸು" ಅಂತ ಬೆನ್ನು ಬೀಳುವುದಕ್ಕಿಂತ, ಸ್ವಲ್ಪ ಬಡಿಸಿ "ಇನ್ನೂ ಬೇಕಾ?" ಅಂತ ಕೇಳುವುದು ಇಬ್ಬರಿಗೂ ಸುಖ. ಹಣ್ಣನ್ನು ಇಡಿಯಾಗಿ ಕೈಗೆ ಕೊಡುವುದನ್ನು ನಿಲ್ಲಿಸಿದೆ. ಮೂರು ವರ್ಷದ ಮಗು ಇಡೀ ಹಣ್ಣನ್ನು ಎರಡು ಕಡೆ ಕಚ್ಚಿ ಸೋಫಾ ಕೆಳಗೆ ತಳ್ಳುತ್ತದೆ, ಎಂಜಲಾದ ಮೇಲೆ ಇನ್ಯಾರೂ ಮುಟ್ಟಲ್ಲ. ಹೋಳು ಮಾಡಿ ಒಂದು ತಟ್ಟೆಯಲ್ಲಿ ನಡುವೆ ಇಟ್ಟರೆ ಎರಡು ಹಣ್ಣು ಐದು ಮಕ್ಕಳಿಗೆ ಸಾಕಾಗುತ್ತದೆ. (ದ್ರಾಕ್ಷಿಯಂಥ ಗುಂಡಗಿನ ಹಣ್ಣನ್ನು ಪುಟ್ಟ ಮಕ್ಕಳಿಗೆ ಹೇಗೂ ಉದ್ದಕ್ಕೆ ಸೀಳಿಯೇ ಕೊಡಬೇಕು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.) ಇನ್ನೊಂದು ಮಾತು, ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನೆಲ್ಲ ಅಮ್ಮನೇ ತಿಂದು ಮುಗಿಸುವುದನ್ನು ಉಳಿತಾಯ ಅಂತ ಲೆಕ್ಕ ಹಾಕಬೇಡಿ. ನಾನು ಐದು ವರ್ಷ ಹಾಗೆ ಮಾಡಿದೆ. ಉಳಿದದ್ದು ಏನೂ ಇಲ್ಲ, ನನ್ನ ಬಟ್ಟೆಗಳು ಬಿಗಿಯಾದವು ಅಷ್ಟೇ.

ಈಗ ದೊಡ್ಡ ಪ್ಯಾಕೆಟ್ಟಿನ ವಿಷಯ. ನಿಮ್ಮ ಅಸಲು ಪ್ರಶ್ನೆ ಅದೇ ಅಲ್ವಾ? ದೊಡ್ಡದು ಯಾವಾಗಲೂ ಅಗ್ಗ ಅನ್ನೋದೇ ಮೊದಲ ತಪ್ಪು. 100 ಗ್ರಾಂಗೆ ಎಷ್ಟು ಬೀಳುತ್ತದೆ ಅಂತ ಫೋನಿನಲ್ಲಿ ಭಾಗಿಸಿ ನೋಡಿ, ಕೆಲವು ಸಲ ಮಧ್ಯದ ಅಳತೆಯ ಪ್ಯಾಕೆಟ್ಟೇ ಕಡಿಮೆ ಬೀಳುತ್ತದೆ. ಎರಡನೆಯದು ಇನ್ನೂ ದೊಡ್ಡ ಕಳ್ಳ: ತುಂಬಿದ ಡಬ್ಬಿ ಕಂಡರೆ ಕೈ ಧಾರಾಳವಾಗುತ್ತದೆ. ದೊಡ್ಡ ಬಾಟಲಿಯಿಂದ ಶಾಂಪೂ ಹಿಂಡುವ ಮಗುವನ್ನು ನೋಡಿ, ಅಂಗೈ ತುಂಬಿ ಹರಿಯುವವರೆಗೂ ಹಿಂಡುತ್ತದೆ. ಅದೇ ಬಾಟಲಿ ತಳ ಕಂಡಾಗ ನೀರು ಹಾಕಿ ಕುಲುಕಿ ನಾಲ್ಕು ದಿನ ನಡೆಸುತ್ತೇವೆ. ಆದ್ದರಿಂದ ದೊಡ್ಡ ಪ್ಯಾಕೆಟ್ ತನ್ನಿ, ಆದರೆ ಅದು ಯಾರ ಕಣ್ಣಿಗೂ ಬೀಳಬಾರದು. ನಮ್ಮಲ್ಲಿ ಅದು ಕಪಾಟಿನ ಮೇಲಿನ ಅರೆಗೆ ಹೋಗುತ್ತದೆ. ವಾರಕ್ಕೊಮ್ಮೆ ಅದರಿಂದ ಒಂದು ಚಿಕ್ಕ ಡಬ್ಬಿಗೆ ತುಂಬುತ್ತೇನೆ. ಬಿಸ್ಕತ್ತು, ಕುರುಕಲು ತಿಂಡಿ, ಶಾಂಪೂ, ಬಟ್ಟೆ ಸೋಪಿನ ಪುಡಿ, ಎಲ್ಲಕ್ಕೂ ಇದೇ ಪದ್ಧತಿ. ಚಿಕ್ಕ ಡಬ್ಬಿ ಗುರುವಾರಕ್ಕೇ ಖಾಲಿಯಾದರೆ ಸೋಮವಾರದ ತನಕ ಇಲ್ಲ. ಮೊದಲ ಎರಡು ವಾರ ಅಳು, ರಂಪ ಎಲ್ಲ ಆಯಿತು. ಮೂರನೇ ವಾರಕ್ಕೆ ದೊಡ್ಡವನೇ ಬಿಸ್ಕತ್ತು ಎಣಿಸಿ ಹಂಚತೊಡಗಿದ.

ಧಾನ್ಯ, ಕಾಳು, ಸೋಪು ಇಂಥವನ್ನು ಧೈರ್ಯವಾಗಿ ಒಟ್ಟಿಗೆ ತನ್ನಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಕೆಡಲ್ಲ. ಅಡುಗೆ ಎಣ್ಣೆ, ಪುಡಿ ಮಾಡಿದ ಮಸಾಲೆ, ಬಾದಾಮಿಯಂಥ ಎಣ್ಣೆ ಅಂಶದ ಬೀಜಗಳು ಹಾಗಲ್ಲ. ತೆರೆದ ಮೇಲೆ ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ, ಘಮ ಹೋಗುತ್ತದೆ. ಎರಡು ತಿಂಗಳಲ್ಲಿ ಮುಗಿಯುವಷ್ಟು ಮಾತ್ರ ಸಾಕು.

ಟೂತ್‌ಪೇಸ್ಟ್ ಬಗ್ಗೆ ಹೇಳಲೇಬೇಕು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಅಲೆಯಾಗಿ ಹಾಕಿ ತೋರಿಸುತ್ತಾರಲ್ಲ, ಅದನ್ನು ಮರೆತುಬಿಡಿ. ಮೂರು ವರ್ಷದೊಳಗಿನ ಮಗುವಿಗೆ ಒಂದು ಅಕ್ಕಿ ಕಾಳಿನಷ್ಟು, 3ರಿಂದ 6 ವರ್ಷದವರಿಗೆ ಒಂದು ಬಟಾಣಿಯಷ್ಟು, ದಂತವೈದ್ಯರು ಹೇಳುವ ಅಳತೆಯೇ ಇದು. ಪೇಸ್ಟ್ ನುಂಗುವ ವಯಸ್ಸಿನ ಮಕ್ಕಳಿಗೆ ಜಾಸ್ತಿ ಫ್ಲೋರೈಡ್ ಒಳ್ಳೆಯದಲ್ಲ ಅನ್ನೋದು ಅಸಲು ಕಾರಣ. ಟ್ಯೂಬ್ ಹೆಚ್ಚು ದಿನ ಬರುವುದು ಮೇಲಿನ ಲಾಭ. ನಮ್ಮ ಮನೆಯಲ್ಲಿ ಟ್ಯೂಬ್ ದೊಡ್ಡವರ ಕೈಯಲ್ಲಿ, ಬ್ರಷ್ ಮಕ್ಕಳ ಕೈಯಲ್ಲಿ. ಬಟ್ಟೆ ಪುಡಿಯೂ ಅಷ್ಟೇ. ಜಾಸ್ತಿ ನೊರೆ ಬಂದರೆ ಜಾಸ್ತಿ ಕ್ಲೀನ್ ಅಲ್ಲ. ಉಳಿದ ನೊರೆ ತೆಗೆಯಲು ಇನ್ನೊಂದು ಸಲ ನೀರು ಬೇಕು, ಬಟ್ಟೆ ಬಿರುಸಾಗುತ್ತದೆ.

ಮಿಕ್ಕ ಅಡುಗೆಗೆ ಫ್ರಿಜ್ಜಿನಲ್ಲಿ ಕಣ್ಣಿನ ಮಟ್ಟದ ಒಂದು ಅರೆಯನ್ನೇ ಬಿಟ್ಟಿದ್ದೇನೆ. ಹಿಂದೆ ಸೇರಿದ ಡಬ್ಬಿ ಕಸಕ್ಕೆ ಹೋದಂತೆಯೇ ಲೆಕ್ಕ. ಮಿಕ್ಕಿದ್ದು ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, ಅಗಲವಾದ ತಟ್ಟೆಯಲ್ಲಿ ಹರಡಿದರೆ ಬೇಗ ಆರುತ್ತದೆ. ಮೂರು ದಿನ ದಾಟಿದರೆ ಉಳಿಸುವ ಆಸೆ ಬಿಡಿ. ದಿನಸಿ ತರುವ ಹಿಂದಿನ ದಿನ ಹೊಸದಾಗಿ ಏನೂ ಮಾಡದೆ ಇದ್ದದ್ದರಲ್ಲೇ ಅಡುಗೆ. ಮಕ್ಕಳು ಅದಕ್ಕೆ "ಕಲಬೆರಕೆ ದಿನ" ಅಂತ ಹೆಸರಿಟ್ಟಿದ್ದಾರೆ.

ಬಟ್ಟೆಗೆ ಬರೋಣ. ಐದು ಮಕ್ಕಳಿದ್ದರೂ ಹಳೇ ಬಟ್ಟೆ ಕೆಳಗಿನವರಿಗೆ ಇಳಿಯುತ್ತಲೇ ಇರಲಿಲ್ಲ. ಎಲ್ಲಿಟ್ಟಿದ್ದೇವೆ ಅಂತ ನೆನಪಾಗುವಷ್ಟರಲ್ಲಿ ಆ ಮಗುವಿಗೂ ಚಿಕ್ಕದಾಗಿರುತ್ತಿತ್ತು. ಈಗ ರಟ್ಟಿನ ಪೆಟ್ಟಿಗೆಗಳ ಮೇಲೆ ವಯಸ್ಸು ಬರೆದಿಟ್ಟಿದ್ದೇನೆ, 3-4, 5-6 ಹೀಗೆ. ಪ್ರತಿ ಮಗುವಿನ ಹುಟ್ಟುಹಬ್ಬದ ವಾರ ಆ ಪೆಟ್ಟಿಗೆ ತೆರೆಯುವುದು. ಹೊಸದು ಕೊಳ್ಳುವಾಗ ಸೊಂಟಕ್ಕೆ ಎಲಾಸ್ಟಿಕ್ ಇರುವುದು, ಒಳಗೆ ಅಗಲ ಮಡಿಕೆ ಇರುವುದು ನೋಡಿ ತರುತ್ತೇನೆ. ಮಡಿಕೆ ಬಿಚ್ಚಿದರೆ ಇನ್ನೊಂದು ವರ್ಷ ಬರುತ್ತದೆ. ಪ್ಯಾಂಟಿನ ಮಂಡಿಗೆ ಹರಿಯುವ ಮೊದಲೇ ಒಳಗಿನಿಂದ ತೇಪೆ ಹಾಕಿಬಿಡಿ. ಇನ್ನು ಸಾಕ್ಸ್: ಎಲ್ಲರಿಗೂ ಒಂದೇ ಬಣ್ಣ, ಒಂದೇ ನಮೂನೆ, ಡಜನ್‌ಗಟ್ಟಲೆ. ಒಂದು ಕಳೆದರೆ ಇನ್ನೊಂದು ಒಂಟಿಯಾಗುವುದೇ ಇಲ್ಲ. ಇಷ್ಟು ಸುಲಭದ ಉಪಾಯ ಹೊಳೆಯಲು ನನಗೆ ಒಂಬತ್ತು ವರ್ಷ ಬೇಕಾಯಿತು!

ಆದರೆ ಎರಡನೆಯವಳು ಒಂದು ದಿನ ಕೇಳಿದಳು, "ಅಮ್ಮಾ, ನನ್ನದು ಅಂತ ಏನಾದರೂ ಇದೆಯಾ?" ಅವತ್ತಿನಿಂದ ಪ್ರತಿ ಮಗುವಿಗೂ ವರ್ಷಕ್ಕೆ ಒಂದು ಜೊತೆ ಹೊಸ ಬಟ್ಟೆ, ಅವರೇ ಆರಿಸಿದ್ದು. ಆ ಖರ್ಚಿನಲ್ಲಿ ನಾನು ಚೌಕಾಸಿ ಮಾಡಲ್ಲ. ಶೂಗಳನ್ನೂ ಸುಮ್ನೆ ಇಳಿಸಿ ಕೊಡುವಂತಿಲ್ಲ. ಅಟ್ಟೆ ಒಂದೇ ಕಡೆ ಸವೆದಿದ್ದರೆ ಬೇಡವೇ ಬೇಡ. ಹೆಬ್ಬೆರಳ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಬೇಕು, "ಬೆಳೆಯುತ್ತಾನೆ ಬಿಡು" ಅಂತ ಎರಡು ಸೈಜ್ ದೊಡ್ಡದು ಕೊಂಡರೆ ಎಡವಿ ಬೀಳುತ್ತಾನೆ.

ಕೂಸಿದ್ದರೆ ಬಟ್ಟೆಯ ಡಯಾಪರ್ ಲಾಭವೇ. ಎಳೆ ಕೂಸಿಗೆ ದಿನಕ್ಕೆ ಹತ್ತು ಸಲವಾದರೂ ಬದಲಿಸಬೇಕು, ಇಪ್ಪತ್ತು ಇಪ್ಪತ್ನಾಲ್ಕು ಇಟ್ಟುಕೊಂಡರೆ ದಿನ ಬಿಟ್ಟು ದಿನ ಒಗೆಯಬಹುದು. ಬಟ್ಟೆ ಮೆದುವಾಗಿಸುವ ದ್ರವ ಹಾಕಬೇಡಿ, ಹೀರುವ ಗುಣ ಹೋಗುತ್ತದೆ. ರಾತ್ರಿಗೆ ಮಾತ್ರ ನಾನು ಅಂಗಡಿಯದನ್ನೇ ಹಾಕುತ್ತಿದ್ದೆ, ನನ್ನ ನಿದ್ದೆಗೂ ಬೆಲೆ ಇದೆ.

ಕರೆಂಟು, ನೀರು, ಗ್ಯಾಸಿನ ಬಗ್ಗೆ ನಿಮಗೆ ಗೊತ್ತಿರುವುದೇ. ಕಾಳು ರಾತ್ರಿ ನೆನೆಸಿ, ಪಾತ್ರೆಗೆ ಮುಚ್ಚಳ ಹಾಕಿ, 60 ವ್ಯಾಟ್ ಬಲ್ಬಿನ ಬೆಳಕು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ತೊಟ್ಟಿಕ್ಕುವ ನಲ್ಲಿಯನ್ನು ಮಾತ್ರ ಇವತ್ತೇ ಸರಿಮಾಡಿಸಿ. ಸೆಕೆಂಡಿಗೊಂದು ಹನಿ ಅಂದರೂ ದಿನಕ್ಕೆ ಸುಮಾರು 20 ಲೀಟರ್ ಆಗುತ್ತದೆ, ಎಷ್ಟೋ ಸಲ ಒಂದು ಪುಟ್ಟ ವಾಷರ್ ಬದಲಿಸಿದರೆ ಮುಗಿಯಿತು.

ನಾನು ಕೈ ಸುಟ್ಟುಕೊಂಡದ್ದೂ ಇದೆ. ಸೋಪು ತುರಿದು ಬಟ್ಟೆ ಪುಡಿ ಮನೆಯಲ್ಲೇ ಮಾಡಿದೆ. ನಮ್ಮದು ಗಡಸು ನೀರು, ಸೋಪಿನ ಜಿಡ್ಡು ಬಟ್ಟೆಯಲ್ಲೇ ಕೂತು ಎರಡು ತಿಂಗಳಲ್ಲಿ ಬಿಳಿ ಬಟ್ಟೆಯೆಲ್ಲ ಬೂದಿ ಬಣ್ಣ. ಮನೆಯಲ್ಲೇ ಕ್ಲೀನರ್ ಮಾಡಲು ಹೊರಟು ಬ್ಲೀಚಿಗೆ ವಿನೆಗರ್ ಬೆರೆಸುವವರೂ ಇದ್ದಾರೆ, ಅದರಿಂದ ವಿಷದ ಕ್ಲೋರಿನ್ ಅನಿಲ ಬರುತ್ತದೆ. ದಯವಿಟ್ಟು ಬೇಡ.

ಉಳಿಸಲೇಬಾರದ ಅರ್ಧವೂ ಒಂದಿದೆ. ಒಂದು ಮಗುವಿಗೆ ಕೊಟ್ಟು ಮಿಕ್ಕ ಆಂಟಿಬಯೋಟಿಕ್ ಸಿರಪ್ ಅನ್ನು ಮುಂದಿನ ಮಗುವಿಗೆ ಅಂತ ಎತ್ತಿಡಬೇಡಿ. ನೀರು ಬೆರೆಸಿದ ಮೇಲೆ ಹೆಚ್ಚಿನವು ಒಂದೆರಡು ವಾರ ಮಾತ್ರ ಚೆನ್ನಾಗಿರುತ್ತವೆ, ಆ ಮಗುವಿನ ಕಾಯಿಲೆಯೂ ಬೇರೆ ಇರಬಹುದು. ಕೂಸಿನ ಹಾಲಿನ ಪುಡಿಗೆ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಜಾಸ್ತಿ ನೀರು ಹಾಕಿ ಎಳೆಯುವುದು ಇನ್ನೂ ಅಪಾಯ, ಯಾವ ಕಷ್ಟದಲ್ಲೂ ಬೇಡ.

ಎಲ್ಲಿಂದ ಶುರು ಮಾಡೋದು ಅಂತಲೂ ಕೇಳಿದ್ದೀರಿ. ಒಂದು ವಾರ ಏನನ್ನೂ ಬದಲಿಸಬೇಡಿ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಚೆಲ್ಲಿದ್ದನ್ನೆಲ್ಲ ಬರೆಯಿರಿ, ಯಾರು ಬಿಟ್ಟದ್ದು ಅಂತ ಹೆಸರಿನ ಸಮೇತ. ಬರೆಯುವ ಕೆಲಸ ಅಕ್ಷರ ಬರುವ ಮಗುವಿಗೇ ವಹಿಸಿ, ದೊಡ್ಡವರಿಗಿಂತ ಶಿಸ್ತಾಗಿ ಮಾಡುತ್ತವೆ. ನಮ್ಮಲ್ಲಿ ಆಗ ಏಳು ವರ್ಷದವಳು ಬರೆದಳು. ಭಾನುವಾರ ಎಲ್ಲರೂ ಸೇರಿ ಓದಿದೆವು, ಮಕ್ಕಳೇ ಮುಂದಿರುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಮೊದಲ ಸ್ಥಾನ ಬಂದದ್ದು ಅವರಪ್ಪನಿಗೆ: ಅರ್ಧ ಲೋಟ ಕಾಫಿ, ವಾರದಲ್ಲಿ ಆರು ಸಲ.