ಪ್ರತಿಕ್ರಿಯೆ: ಪುನರ್ವಸತಿ ಬಡಾವಣೆಯ ನಕ್ಷೆ ಊರವರಿಗೆ ಒಪ್ಪಿಗೆಯಾಗದಿದ್ದರೆ

ಮಲಪ್ರಭೆ ದಡದ ನೆರೆಪೀಡಿತ ಊರನ್ನು ಹೊಸ ಜಾಗಕ್ಕೆ ಸಾಗಿಸಲು ನೀವು ಬರೆದ ನಕ್ಷೆಯನ್ನು ಜನ ಒಪ್ಪುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಬಹುಶಃ ಕಾರಣ ಇದು: ದನಕ್ಕೆ ಜಾಗವಿಲ್ಲ, ಒಂದೇ ಓಣಿಯವರು ಚದುರಿಹೋಗಿದ್ದಾರೆ. ಮಹಾರಾಷ್ಟ್ರದಲ್ಲಿ 1993ರ ಕಿಲ್ಲಾರಿ ಭೂಕಂಪದ ನಂತರ ನೇರ ಸಾಲುಗಳಲ್ಲಿ ಕಟ್ಟಿದ ಊರುಗಳಲ್ಲೂ ಇದೇ ತೊಡಕಾಗಿತ್ತು.

ಮೊದಲು ಹೆಂಗಸರ ಜೊತೆ ಹಳೇ ಊರು ಸುತ್ತಿ. ಯಾರ ಪಕ್ಕ ಯಾರಿದ್ದರು, ಮೇವು, ಕುಳ್ಳು ಎಲ್ಲಿಡುತ್ತಿದ್ದರು ಎಂದು ಬರೆದುಕೊಳ್ಳಿ. ಗಂಡಸರನ್ನಷ್ಟೇ ಕೂರಿಸಿದರೆ ಗುಡಿ, ರಸ್ತೆಯ ಮಾತಲ್ಲೇ ಸಭೆ ಮುಗಿಯುತ್ತದೆ.

ಆಮೇಲೆ ಹೊಸ ಜಾಗದಲ್ಲಿ ಒಂದು ಮನೆಯನ್ನು ಸುಣ್ಣದ ಪುಡಿಯಿಂದ ಪೂರ್ತಿ ಅಳತೆಯಲ್ಲಿ ನೆಲದ ಮೇಲೆ ಬರೆಯಿರಿ. ಕಾಗದ ನೋಡಿ ಸುಮ್ಮನಿದ್ದವರು ಅಲ್ಲಿ ಬಾಯಿ ಬಿಡುತ್ತಾರೆ: ಎತ್ತು ಕಟ್ಟಿದರೆ ಬಾಗಿಲಿಗೆ ಅಡ್ಡ, ಚಕ್ಕಡಿ ತಿರುಗುವುದಿಲ್ಲ. ಗೆರೆ ಅಳಿಸಿ ಅವರ ಕೈಯಿಂದಲೇ ಎಳೆಸಿ. ನಿವೇಶನ ಹಂಚಲು ಚೀಟಿ ಎತ್ತಬೇಡಿ, ಓಣಿಯವರನ್ನು ಒಟ್ಟಿಗೇ ಇಡಿ.

ಎರೆಮಣ್ಣಿಗೆ ತಕ್ಕ ಅಡಿಪಾಯ, ಲಿಂಟಲ್ ಬ್ಯಾಂಡ್ (ಬಾಗಿಲು, ಕಿಟಕಿಗಳ ಮೇಲೆ ಗೋಡೆಯ ಸುತ್ತ ಹಾಕುವ ಕಾಂಕ್ರೀಟ್ ಪಟ್ಟಿ) ವಿಷಯದಲ್ಲಿ ಮಾತ್ರ ಬಿಟ್ಟುಕೊಡಬೇಡಿ. 2001ರ ಭೂಕಂಪದ ನಂತರ ಗುಜರಾತಿನ ಕಛ್‌ನಲ್ಲಿ ಬಹಳಷ್ಟು ಮನೆಯವರು ಸರ್ಕಾರ ಕಂತುಗಳಲ್ಲಿ ಕೊಟ್ಟ ಹಣದಲ್ಲಿ ತಾವೇ ಕಟ್ಟಿಕೊಂಡರು. ಎಂಜಿನಿಯರುಗಳು ಹಂತಹಂತಕ್ಕೂ ಪರಿಶೀಲಿಸಿದರು. ನೀವೂ ಹಾಗೇ ಮಾಡಿ.

ಹೊಸ ಜಾಗ ಹೊಲದಿಂದ ಎಷ್ಟು ದೂರ ಎಂದು ನೀವು ಬರೆದಿಲ್ಲ. ತುಂಬಾ ದೂರವಿದ್ದರೆ ನಕ್ಷೆ ತಿದ್ದಿ ಫಲವಿಲ್ಲ. ಊರವರ ಜೊತೆ ತಹಶೀಲ್ದಾರರ ಬಳಿ ಹೋಗಿ ಬೇರೆ ಜಾಗ ಕೇಳಿ.